ಮೈಸೂರಿನಲ್ಲಿ ಒಂದು ರಾತ್ರಿ: ಕಾಡಿನ ಗೇಟು ನೋಡಿಕೊಂಡು ಕೋಣೆ ಹಿಡಿಯಿರಿ

ಸುಲ್ತಾನ್ ಬತ್ತೇರಿ: ವಯನಾಡಿನ ಗಡಿ ಹಳ್ಳಿಯವರಿಗೆ ಮೈಸೂರು ಪರದೇಶವೇನಲ್ಲ. ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ, ಗುತ್ತಿಗೆಗೆ ಹಿಡಿದ ಶುಂಠಿ ಜಮೀನಿನ ವ್ಯವಹಾರಕ್ಕೆ, ದಸರಾ ನೋಡಲಿಕ್ಕೆ... ಹೀಗೆ ವರ್ಷಕ್ಕೆ ನಾಲ್ಕಾರು ಸಲ ಹೋಗಿಬರುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವಾಗ ಎಲ್ಲರದ್ದೂ ಒಂದೇ ಲೆಕ್ಕ: ಬೆಳಿಗ್ಗೆ ಹೋಗಿ ಸಂಜೆ ಬರುವುದು. ಆದರೆ ಎಷ್ಟೋ ಸಲ ಸಂಜೆಯಾದರೂ ಕೆಲಸ ಮುಗಿಯುವುದಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಕಾಡಿನ ಗೇಟು ಮುಚ್ಚಿರುತ್ತದೆ. ಆಗ ರಾತ್ರಿ ಕಳೆಯುವುದು ಎಲ್ಲಿ?

ಈ ಪ್ರಶ್ನೆ ನನಗೆ ಎದುರಾದದ್ದು ಹಲವು ವರ್ಷಗಳ ಹಿಂದೆ, ಅಮ್ಮನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದಾಗ. ಕಣ್ಣಿಗೆ ಔಷಧಿ ಬಿಟ್ಟು, ಕಾಯಿಸಿ, ಪರೀಕ್ಷೆ ಮುಗಿಸಿ ಹೊರಗೆ ಬಿಟ್ಟಾಗ ಗಂಟೆ ಏಳೂವರೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬರು, "ಇನ್ನು ಹೊರಟರೆ ಗೇಟು ಸಿಗಲ್ಲ ಸಾರ್, ಗುಂಡ್ಲುಪೇಟೆಯಲ್ಲಿ ಕೂರಬೇಕಾಗುತ್ತೆ" ಎಂದರು. ಕಣ್ಣು ಮಂಜಾದ ಅಮ್ಮನ ಕೈ ಹಿಡಿದುಕೊಂಡು ಲಾಡ್ಜಿನಿಂದ ಲಾಡ್ಜಿಗೆ ಅಲೆದದ್ದು ಈಗಲೂ ನೆನಪಿದೆ. ಐದನೇ ಕಡೆ ಕೋಣೆ ಸಿಕ್ಕಿತು, ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಬಾಡಿಗೆ ಅವರು ಹೇಳಿದ್ದೇ.

ಅಂದು ಕಲಿತ ಪಾಠ ಇಷ್ಟೇ. ನಮ್ಮ ಕಡೆಯವರಿಗೆ ಮೈಸೂರಿನ ಕೋಣೆಯ ಖರ್ಚನ್ನು ತೀರ್ಮಾನಿಸುವುದು ಲಾಡ್ಜಿನ ದರಪಟ್ಟಿ ಮಾತ್ರವಲ್ಲ, ಕಾಡಿನ ಗೇಟಿನ ಗಡಿಯಾರ ಕೂಡ. ಆ ಗಡಿಯಾರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹಣವೂ ಉಳಿಯುತ್ತದೆ, ಅಲೆದಾಟವೂ ತಪ್ಪುತ್ತದೆ.

ಗೇಟಿನ ಗಡಿಯಾರ

ಬತ್ತೇರಿಯಿಂದ ಮುತ್ತಂಗ, ಮೂಲೆಹೊಳೆ, ಗುಂಡ್ಲುಪೇಟೆ, ನಂಜನಗೂಡು ಮಾರ್ಗವಾಗಿ ಮೈಸೂರಿಗೆ ಸುಮಾರು 115 ಕಿಲೋಮೀಟರ್. ಇದೇ ರಾಷ್ಟ್ರೀಯ ಹೆದ್ದಾರಿ 766. ಹಿಂದೆ ಇದರ ಸಂಖ್ಯೆ 212 ಆಗಿತ್ತು. ಇದರಲ್ಲಿ ಸುಮಾರು 20 ಕಿಲೋಮೀಟರ್ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಹಗಲಿನಲ್ಲೂ ರಸ್ತೆ ಮುಚ್ಚಬಹುದೆಂಬ ಆತಂಕದಿಂದ 2019ರಲ್ಲಿ ಬತ್ತೇರಿಯಲ್ಲಿ ದೊಡ್ಡ ಉಪವಾಸ ಸತ್ಯಾಗ್ರಹ ನಡೆದದ್ದು ಓದುಗರಿಗೆ ನೆನಪಿರಬಹುದು.

ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ರಾತ್ರಿ ಅನುಮತಿ ಇದೆ. ಆ ಬಸ್ಸುಗಳ ಸೀಟು ಬೇಗ ತುಂಬುತ್ತದೆ. ಮೊದಲೇ ರಿಸರ್ವ್ ಮಾಡಿಸಿದ್ದರೆ ಮಾತ್ರ ಅದನ್ನು ನಂಬಿಕೊಳ್ಳಿ.

ಮಾನಂತವಾಡಿ ಕಡೆಯವರಿಗೆ ಇನ್ನೂ ಬಿಗಿ. ಬಾವಲಿ, ಎಚ್.ಡಿ. ಕೋಟೆ ಮಾರ್ಗ ನಾಗರಹೊಳೆ ಕಾಡಿನೊಳಗೆ ಹೋಗುವುದರಿಂದ ಅಲ್ಲಿ ಸಂಜೆ 6ಕ್ಕೇ ಗೇಟು ಬೀಳುತ್ತದೆ, ತೆರೆಯುವುದು ಬೆಳಿಗ್ಗೆ 6ಕ್ಕೆ. ಕಬಿನಿಯಲ್ಲಿ ದೋಣಿ ದಾಟಿ ಬೈರಕುಪ್ಪೆಯಿಂದ ಕರ್ನಾಟಕದ ಬಸ್ಸು ಹಿಡಿಯುವ ಪುಲ್ಪಳ್ಳಿ ಕಡೆಯವರೂ ಕಾಡು ದಾಟುವುದನ್ನು ಹಗಲಿಗೇ ಇಟ್ಟುಕೊಳ್ಳಬೇಕು. ರಾತ್ರಿ ತೆರೆದಿರುವ ದಾರಿ ಎಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ ಮಾರ್ಗ. ಸ್ವಂತ ವಾಹನವಿದ್ದರೆ ಅದು ಸರಿ. ಆದರೆ ಬತ್ತೇರಿಯವರಿಗೆ ಮಾನಂತವಾಡಿ ಮುಟ್ಟಿದ ಮೇಲೂ ನಲವತ್ತು ಕಿಲೋಮೀಟರ್ ಉಳಿಯುತ್ತದೆ. ಬಾಡಿಗೆ ಕಾರಿಗೆ ಅಷ್ಟು ಸುತ್ತು ಬಳಸಿ ಕೊಡುವ ಹಣಕ್ಕಿಂತ ಸಾಧಾರಣ ಲಾಡ್ಜಿನ ಒಂದು ರಾತ್ರಿಯೇ ಅಗ್ಗ.

ಈಗ ಹಿಂದಕ್ಕೆ ಲೆಕ್ಕ ಹಾಕಿ. ಮೈಸೂರಿನಿಂದ ಗುಂಡ್ಲುಪೇಟೆಗೆ 60 ಕಿಲೋಮೀಟರ್. ಅಲ್ಲಿಂದ ಮದ್ದೂರು ಚೆಕ್‌ಪೋಸ್ಟಿಗೆ ಇನ್ನೂ ಹತ್ತು-ಹದಿನೈದು. ನಂಜನಗೂಡು, ಬೇಗೂರು ಎಂದು ನಿಲ್ಲುತ್ತಾ ಹೋಗುವ ಬಸ್ಸಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಅಂದರೆ ಸಂಜೆ ಆರೂವರೆಯೊಳಗೆ ಮೈಸೂರು ಬಿಟ್ಟಿರಬೇಕು. ಆರೂವರೆಗೆ ಕೆಲಸ ಮುಗಿಯುವ ಖಾತ್ರಿ ಇಲ್ಲ ಎಂದಾದರೆ ಕೋಣೆಯನ್ನು ಮೊದಲೇ ಗೊತ್ತು ಮಾಡಿಕೊಂಡೇ ಹೊರಡಿ.

ನಿಮ್ಮದು ಯಾವ ರಾತ್ರಿ?

ನಮ್ಮವರು ಮೈಸೂರಿನಲ್ಲಿ ಕಳೆಯುವ ರಾತ್ರಿಗಳು ಮೂರು ಬಗೆ.

ಮೊದಲನೆಯದು ಆಸ್ಪತ್ರೆಯ ರಾತ್ರಿ. ಬೆಳಿಗ್ಗೆ 6ಕ್ಕೆ ಬತ್ತೇರಿ ಬಿಟ್ಟರೆ ಮೈಸೂರು ಸೇರುವಾಗ ಒಂಬತ್ತೂವರೆ. ಅಷ್ಟರಲ್ಲಿ ಆಸ್ಪತ್ರೆಯ ಚೀಟಿಯ ಸಾಲು ಬೆಳೆದಿರುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಂದು ಹೇಳಿದರೆ ಆ ದಿನ ಕೈಬಿಟ್ಟಂತೆಯೇ. ಆದ್ದರಿಂದ ಹಿಂದಿನ ದಿನ ಮಧ್ಯಾಹ್ನವೇ ಹೊರಟು, ಸಂಜೆ ಕೋಣೆ ಹಿಡಿದು, ಮರುದಿನ ಬೆಳಿಗ್ಗೆ ಸಾಲಿನಲ್ಲಿ ಮೊದಲಿಗರಾಗುವುದು ಒಳ್ಳೆಯದು. ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಅದೇ ದಿನ ಬೆಳಿಗ್ಗೆ ಹೋದವರಿಗೆ ಹೆಚ್ಚಿನ ಸಲ ಹೇಗೂ ಒಂದು ರಾತ್ರಿ ಬೀಳುತ್ತದೆ, ಅದೂ ತಯಾರಿಯಿಲ್ಲದ ರಾತ್ರಿ.

ಎರಡನೆಯದು ಗೇಟು ತಪ್ಪಿದ ರಾತ್ರಿ. ಇದಕ್ಕೆ ಮದ್ದು ಒಂದೇ: ಎರಡು-ಮೂರು ಲಾಡ್ಜುಗಳ ಫೋನ್ ನಂಬರು ಜೇಬಿನಲ್ಲಿ ಇರಲಿ. ಸಂಜೆ ಐದಕ್ಕೆ ಕೆಲಸ ಮುಗಿಯುವ ಲಕ್ಷಣ ಕಾಣದಿದ್ದರೆ ಆಗಲೇ ಫೋನ್ ಮಾಡಿ. ಎಂಟೂವರೆಗೆ ಬ್ಯಾಗು ಹಿಡಿದು ನಿಂತವನಿಗೆ ಹೇಳುವ ದರಕ್ಕೂ ಐದು ಗಂಟೆಗೆ ಫೋನ್ ಮಾಡಿ ಕೇಳಿದವನಿಗೆ ಹೇಳುವ ದರಕ್ಕೂ ವ್ಯತ್ಯಾಸ ಇರುತ್ತದೆ.

ಮೂರನೆಯದು ಸಂತೋಷದ ರಾತ್ರಿ. ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ ಸಂಜೆ ಏಳರ ಸುಮಾರಿಗೆ ಅರಮನೆಗೆ ದೀಪ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ದಸರಾ ದಿನಗಳಲ್ಲಿ ಪ್ರತಿದಿನ. ಮುಕ್ಕಾಲು ಗಂಟೆ ನೋಡಿ ಹೊರಟರೆ ಗೇಟು ಸಿಗುವ ಮಾತೇ ಇಲ್ಲ. ಹೀಗಾಗಿ ಬಂಡೀಪುರದ ಆಚೆಯವರಾದ ನಮಗೆ ಅರಮನೆಯ ದೀಪ ಉಚಿತವಲ್ಲ. ಅದರ ಬೆಲೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆ! ಮಕ್ಕಳಿಗೆ ಮಾತು ಕೊಡುವ ಮೊದಲೇ ಇದನ್ನು ಲೆಕ್ಕಕ್ಕೆ ಸೇರಿಸಿ.

ಯಾವ ಬೀದಿಯಲ್ಲಿ ಹುಡುಕಬೇಕು?

ಮೈಸೂರು ಹಳೆಯ ರಾಜಧಾನಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ರಾಜಧಾನಿ ಬದಲಾಯಿಸಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅದು ಮತ್ತೆ ಮೈಸೂರಿಗೆ ಬಂತು. 1831ರಲ್ಲಿ ಆಡಳಿತ ಬೆಂಗಳೂರಿಗೆ ಹೋದರೂ ಅರಮನೆ ಇಲ್ಲೇ ಉಳಿಯಿತು. ಈಗ ಕಾಣುವ ಅರಮನೆ 1897ರಲ್ಲಿ ಹಳೆಯದು ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಅರಮನೆ, ಮಾರುಕಟ್ಟೆ, ದೊಡ್ಡಾಸ್ಪತ್ರೆ, ರೈಲು ನಿಲ್ದಾಣ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಬೆಳೆದಿರುವುದು ಇಂತಹ ಹಳೆಯ ಪಟ್ಟಣಗಳಲ್ಲೇ. ಕಡಿಮೆ ದರದ ಲಾಡ್ಜುಗಳೂ ಇದೇ ವಲಯದಲ್ಲಿವೆ. ಹೊರವಲಯದಲ್ಲಿ ನೂರು ರೂಪಾಯಿ ಕಡಿಮೆಗೆ ಕೋಣೆ ಹಿಡಿದು ಆಟೋಗೆ ಇನ್ನೂರು ಕೊಡುವುದರಲ್ಲಿ ಅರ್ಥವಿಲ್ಲ.

ನಮ್ಮ ಬಸ್ಸುಗಳು ನಿಲ್ಲುವುದು ಬೆಂಗಳೂರು-ನೀಲಗಿರಿ ರಸ್ತೆಯ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ. ಬೆಳಗಿನ ಮೊದಲ ಬಸ್ಸಿಗೇ ಹೊರಡುವವರು ಅದರ ಅಕ್ಕಪಕ್ಕ ನೋಡಿ. ರಸ್ತೆಯ ಬದಿಗೆ ಬೇಡ, ಗದ್ದಲ ಜಾಸ್ತಿ, ಒಳಗಿನ ಕೋಣೆ ಕೇಳಿ. ಜವಳಿ, ಸಾಮಾನು ಕೊಳ್ಳುವವರಿಗೆ ಗಾಂಧಿ ಚೌಕ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಅನುಕೂಲ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗೆ ಬಂದವರಿಗೆ ಧನ್ವಂತರಿ ರಸ್ತೆ ಹತ್ತಿರ. ದೂರದ ಖಾಸಗಿ ಆಸ್ಪತ್ರೆಗೆ ಹೋಗುವವರು ಮಾತ್ರ ಆ ಆಸ್ಪತ್ರೆಯ ಬಳಿಯೇ ಹುಡುಕಿ. ರೋಗಿಯ ಜೊತೆಯವರಿಗೆ ತಂಗಲು ಜಾಗ ಇದೆಯೇ ಎಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ. ಕೇಳಿದವರಿಗೇ ಗೊತ್ತಾಗುವುದು.

ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿ ಅಗ್ಗ ಎಂದು ಕೆಲವರು ಹೇಳುತ್ತಾರೆ. ನಿಜ, ಆದರೆ ಅದು ರೈಲು ಟಿಕೆಟ್ ಇದ್ದವರಿಗೆ ಮಾತ್ರ. ವಯನಾಡಿಗೆ ರೈಲೇ ಇಲ್ಲ, ಬಸ್ಸಿನಲ್ಲಿ ಬಂದ ನಮಗೆ ಅದು ಸಿಗದು. ಮೈಸೂರಿನಿಂದ ಮುಂದೆ ರೈಲಿನಲ್ಲಿ ಹೋಗುವವರು ಪ್ರಯತ್ನಿಸಬಹುದು.

ದಸರಾ ಸಮಯದಲ್ಲಿ, ಉದ್ದನೆಯ ರಜೆಗಳಲ್ಲಿ ಮೈಸೂರು ತುಂಬಿ ತುಳುಕುತ್ತದೆ. ಓಣಂ, ಕ್ರಿಸ್‌ಮಸ್ ರಜೆಗೆ ನಮ್ಮ ಕೇರಳದವರೇ ಸಾಲುಸಾಲಾಗಿ ಬರುತ್ತಾರೆ. ಆಗ 23 ಕಿಲೋಮೀಟರ್ ಈಚೆಗಿರುವ ನಂಜನಗೂಡಿನಲ್ಲಿ ಉಳಿಯುವುದನ್ನು ಯೋಚಿಸಿ. ಶ್ರೀಕಂಠೇಶ್ವರನ ಸನ್ನಿಧಿಗೆ ಬರುವ ಯಾತ್ರಿಕರಿಗಾಗಿ ಅಲ್ಲಿ ತಂಗುವ ವ್ಯವಸ್ಥೆ ಇದೆ, ಮೈಸೂರಿಗೆ ಬಸ್ಸು, ರೈಲು ಎರಡೂ ಇವೆ. ಮೇಲಾಗಿ ಅದು ನಮ್ಮ ಊರಿನ ದಾರಿಯಲ್ಲೇ ಇದೆ.

24 ಗಂಟೆಯೋ, ಮಧ್ಯಾಹ್ನ 12 ಗಂಟೆಯೋ?

ಇದೊಂದು ಪ್ರಶ್ನೆ ಕೇಳದೆ ಹಣ ಕಳೆದುಕೊಂಡವರು ಬಹಳ. ನಾನೂ ಅವರಲ್ಲಿ ಒಬ್ಬ.

ಕೆಲವು ಲಾಡ್ಜುಗಳಲ್ಲಿ ನೀವು ಕೋಣೆಗೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಇನ್ನು ಕೆಲವು ಕಡೆ, ಯಾವಾಗ ಬಂದರೂ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ಬಾಡಿಗೆ 800 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಕೋಣೆ ಹಿಡಿದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ 24 ಗಂಟೆಯ ಲಾಡ್ಜಿನಲ್ಲಿ 800. 12 ಗಂಟೆಯ ಲಾಡ್ಜಿನಲ್ಲಿ ಎರಡು ದಿನ ಎಂದು 1,600 ಕೇಳಬಹುದು. ಅಮ್ಮನ ಎರಡನೇ ತಪಾಸಣೆಗೆ ಹೋದಾಗ ನಾನು ಕೊಟ್ಟದ್ದು ಹೀಗೆಯೇ. ಜಗಳ ಮಾಡಿ ಪ್ರಯೋಜನವಿರಲಿಲ್ಲ, ನಿಯಮ ಗೋಡೆಯ ಮೇಲೆ ಬರೆದಿತ್ತು. ಓದದ್ದು ನನ್ನ ತಪ್ಪು.

ಸಂಜೆ ಬಂದು ಬೆಳಿಗ್ಗೆ ಹೊರಡುವವರಿಗೆ ಎರಡೂ ಒಂದೇ. ಬೆಳಿಗ್ಗೆ ಬರುವವರು 24 ಗಂಟೆಯದನ್ನೇ ಹುಡುಕಬೇಕು. 12 ಗಂಟೆಯದೇ ಸಿಕ್ಕಿದರೆ, ಕೋಣೆ ಬಿಟ್ಟ ಮೇಲೆ ಸಂಜೆಯವರೆಗೆ ಬ್ಯಾಗು ಕೌಂಟರಿನಲ್ಲಿ ಇಡಲು ಬಿಡುತ್ತಾರೆಯೇ ಎಂದು ಕೇಳಿ. ಒಡವೆ, ಹಣ, ಆಸ್ಪತ್ರೆಯ ಕಾಗದ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಬಿಲ್ಲಿನಲ್ಲಿ ಏನೇನು?

ಫೋನಿನಲ್ಲಿ ಹೇಳಿದ ದರವೇ ಪೂರ್ತಿ ದರ ಎಂದು ತಿಳಿಯಬೇಡಿ. "ಟ್ಯಾಕ್ಸ್ ಸೇರಿಸಿ ಎಷ್ಟು?" ಎಂದೇ ಕೇಳಿ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ. 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಇದು ಶೇ. 5ಕ್ಕೆ ಇಳಿಯಿತು. ಅಂದರೆ 800 ರೂಪಾಯಿಯ ಕೋಣೆಗೆ ತೆರಿಗೆ 40 ರೂಪಾಯಿ. ಈಗಲೂ ಯಾರಾದರೂ ಶೇ. 12 ಎಂದರೆ ಬಿಲ್ಲು ಕೇಳಿ, ಅದರಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆ ಇದೆಯೇ ನೋಡಿ. ನೋಂದಣಿಯಿಲ್ಲದ ಸಣ್ಣ ಲಾಡ್ಜು ನಿಮ್ಮಿಂದ ಈ ತೆರಿಗೆ ವಸೂಲು ಮಾಡುವಂತಿಲ್ಲ.

ಇದು ಮೈಸೂರಿನದ್ದು ಮಾತ್ರ ಕಥೆಯಲ್ಲ. ಯುರೋಪಿನ ರೋಮ್ ನಗರದಲ್ಲಿ ಕೋಣೆಯ ಬಾಡಿಗೆಯ ಮೇಲೆ ಪ್ರತಿಯೊಬ್ಬರಿಗೆ ರಾತ್ರಿಗಿಷ್ಟು ಎಂದು ನಗರಾಡಳಿತದ ತೆರಿಗೆ ಬೇರೆ ಇದೆ. ಕೆಲಸಕ್ಕೆಂದು ಆ ಕಡೆ ಹೋದ ಮಕ್ಕಳನ್ನು ಕೇಳಿ ನೋಡಿ. ಎಲ್ಲಿ ಹೋದರೂ ಕೇಳಬೇಕಾದ ಮಾತು ಒಂದೇ: ಕೊನೆಯಲ್ಲಿ ಕೈಯಿಂದ ಬಿಡುವ ಹಣ ಎಷ್ಟು?

ಮುಂಗಡ ಕೊಟ್ಟರೆ ರಸೀದಿ ಪಡೆಯಿರಿ. ಮೂರನೆಯವರಿಗೆ ಹಾಸಿಗೆಗೆ ಎಷ್ಟು, ಮಕ್ಕಳಿಗೆ ಲೆಕ್ಕ ಉಂಟೇ ಎಂದು ಮೊದಲೇ ಕೇಳಿ. ದರ ಒಪ್ಪುವ ಮೊದಲು ಕೋಣೆ ನೋಡಿ. ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿನ ಚಿಲಕ ಸರಿ ಇದೆಯೇ, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಹಿರಿಯರಿದ್ದರೆ ಲಿಫ್ಟ್ ಇದೆಯೇ, ಕಕ್ಕಸು ಯಾವ ಬಗೆಯದು... ಇವಿಷ್ಟು ನೋಡಲು ಐದು ನಿಮಿಷ ಸಾಕು. ಬಿಲ್ಲಿನಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಗುರುತಿನ ಚೀಟಿ ಮತ್ತು 'ಮುರಿ'

ಲಾಡ್ಜಿನವರು ಗುರುತಿನ ಚೀಟಿ ಕೇಳಿಯೇ ಕೇಳುತ್ತಾರೆ. ಆಧಾರ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ಆದೀತು. ಜೊತೆಗಿರುವ ದೊಡ್ಡವರೆಲ್ಲರದ್ದೂ ಇರಲಿ. ಆಧಾರ್ ನಕಲು ಕೊಡಲು ಮನಸ್ಸಿಲ್ಲದವರು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಒಯ್ಯಬಹುದು.

ಭಾಷೆಯ ವಿಷಯದಲ್ಲಿ ನಮಗೆ ಲಾಭವೇ. ಎರಡೂ ಭಾಷೆ ಬರುವುದರಿಂದ ಕೌಂಟರಿನಲ್ಲಿ ಕನ್ನಡ, ಪಕ್ಕದ ಚಹಾ ಅಂಗಡಿಯಲ್ಲಿ ಮಲಯಾಳಂ ಮಾತಾಡಿದರೆ ಎರಡು ಕಡೆಯೂ ನಿಜವಾದ ದರ ತಿಳಿಯುತ್ತದೆ. ಆದರೆ ಅಭ್ಯಾಸಬಲದಿಂದ "ಮುರಿ ಉಂಟಾ?" ಎಂದು ಕೇಳಿದರೆ ಮೈಸೂರಿನವರು ಏನು ಮುರಿಯಬೇಕು ಎಂದು ಗಾಬರಿಯಾದಾರು! "ರೂಮ್ ಇದೆಯಾ?" ಎಂದರೆ ಸಾಕು. ಇನ್ನೊಂದು ವಿಷಯ: 'ಹೋಟೆಲ್' ಎಂಬ ಬೋರ್ಡು ಕಂಡ ಕಡೆಯೆಲ್ಲ ಕೋಣೆ ಇರುವುದಿಲ್ಲ, ಹೆಚ್ಚಿನವು ಊಟ-ತಿಂಡಿಯವು. 'ಲಾಡ್ಜ್' ಅಥವಾ 'ವಸತಿಗೃಹ' ಎಂದಿದೆಯೇ ನೋಡಿ.

ಫೋನಿನಲ್ಲಿ ಬುಕ್ ಮಾಡುವಾಗ

ಆ್ಯಪ್‌ಗಳಲ್ಲಿ ಕೋಣೆಯ ಫೋಟೋ ಚೆಂದವೇ ಇರುತ್ತದೆ. ದರ ನೋಡಿಕೊಳ್ಳಲು ಅವು ಒಳ್ಳೆಯವು. ಬುಕ್ ಮಾಡುವ ಮೊದಲು ಲಾಡ್ಜಿಗೇ ನೇರವಾಗಿ ಫೋನ್ ಮಾಡಿ, ಅದೇ ದರಕ್ಕೆ ಅಥವಾ ಕಡಿಮೆಗೆ ಕೊಡುತ್ತಾರೆಯೇ ಕೇಳಿ. ಆಸ್ಪತ್ರೆಗೆ ಹೋಗುವವರ ದಿನ ಬದಲಾಗುವುದು ಸಾಮಾನ್ಯ. ಆದ್ದರಿಂದ ರದ್ದು ಮಾಡಿದರೆ ಹಣ ವಾಪಸ್ ಬರುವ, ಇಲ್ಲವೇ ಲಾಡ್ಜಿನಲ್ಲೇ ಹಣ ಕೊಡುವ ಬುಕಿಂಗ್ ಆರಿಸಿ.

ಅಪರಿಚಿತರು ಕಳಿಸಿದ ಲಿಂಕಿಗೆ ಮುಂಗಡ ಹಾಕಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. "ಹಣ ವಾಪಸ್ ಮಾಡುತ್ತೇವೆ, ಪಿನ್ ಒತ್ತಿ" ಎಂದರೆ ಅದು ಮೋಸವೇ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಊಟ, ಓಡಾಟ

ಕೋಣೆಗೆ ಉಳಿಸಿದ ಹಣ ಓಡಾಟಕ್ಕೆ ಹೋಗಬಾರದು. ಕೆ.ಆರ್. ವೃತ್ತದ ಬಳಿಯ ನಗರ ಬಸ್ ನಿಲ್ದಾಣದಿಂದ ಎಲ್ಲ ಕಡೆಗೂ ಬಸ್ಸುಗಳಿವೆ. ಚಾಮುಂಡಿ ಬೆಟ್ಟಕ್ಕೆ 201ನೇ ಸಂಖ್ಯೆಯ ಬಸ್ಸು. ಮೃಗಾಲಯಕ್ಕೆ ಮಂಗಳವಾರ ರಜೆ, ಮಕ್ಕಳನ್ನು ಕರೆದುಕೊಂಡು ಆ ದಿನ ಹೋಗಬೇಡಿ.

2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅದು ಕರ್ನಾಟಕದ ವಿಳಾಸ ಇರುವವರಿಗೆ, ರಾಜ್ಯದೊಳಗಿನ ಪ್ರಯಾಣಕ್ಕೆ. ಕನ್ನಡ ಮಾತಾಡಿದರೂ ನಮ್ಮ ಆಧಾರಿನಲ್ಲಿ ಇರುವುದು ವಯನಾಡು. ಆದ್ದರಿಂದ ಮನೆಯ ಹೆಂಗಸರ ಟಿಕೆಟ್ ಹಣವನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು; ನಂತರ ಮೈಸೂರಿಗೂ ಬಂತು. ಅಲ್ಲಿ ಯಾವ ರಾಜ್ಯದ ಚೀಟಿ ಎಂದು ಯಾರೂ ಕೇಳುವುದಿಲ್ಲ.

ಒಂದು ಮಾದರಿ ಲೆಕ್ಕ

ಗುರುವಾರ ಬೆಳಿಗ್ಗೆ ಡಾಕ್ಟರನ್ನು ನೋಡಬೇಕು ಎಂದಿಟ್ಟುಕೊಳ್ಳಿ. ಬುಧವಾರ ಮಧ್ಯಾಹ್ನ ಎರಡಕ್ಕೆ ಬತ್ತೇರಿ ಬಿಡಿ. ಐದೂವರೆಗೆ ಮೈಸೂರು. ಮೊದಲೇ ಫೋನಿನಲ್ಲಿ ಹೇಳಿಟ್ಟ, 24 ಗಂಟೆ ಲೆಕ್ಕದ ಕೋಣೆ. ರಾತ್ರಿ ನೆಮ್ಮದಿಯ ನಿದ್ದೆ. ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ಮೊದಲಿಗರು. ಮಧ್ಯಾಹ್ನ ರೋಗಿಗೆ ಮಲಗಲು ಕೋಣೆ ಇನ್ನೂ ನಿಮ್ಮದೇ. ಐದೂವರೆಯೊಳಗೆ ಬೀಗದ ಕೈ ಒಪ್ಪಿಸಿ ಬಸ್ಸು ಹತ್ತಿದರೆ ಏಳೂವರೆ-ಎಂಟಕ್ಕೆ ಗೇಟು, ಒಂಬತ್ತೂವರೆಯೊಳಗೆ ಬತ್ತೇರಿ. ಕೊಟ್ಟದ್ದು ಒಂದೇ ದಿನದ ಬಾಡಿಗೆ.

ಗೇಟು ಸರಿಯೋ ತಪ್ಪೋ ಎಂಬ ಚರ್ಚೆ ಎರಡೂ ರಾಜ್ಯಗಳಲ್ಲಿ ಇನ್ನೂ ನಡೆದೇ ಇದೆ. ಆನೆ, ಹುಲಿಗಳಿಗೂ ರಾತ್ರಿ ಬೇಕು, ನಮಗೂ ದಾರಿ ಬೇಕು. ತೀರ್ಮಾನ ಏನೇ ಆಗಲಿ, ಅಲ್ಲಿಯವರೆಗೆ ಗೇಟು ಒಂಬತ್ತಕ್ಕೆ ಬೀಳುತ್ತದೆ. ಕಣ್ಣು ಮಂಜಾದ ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಕೋಣೆ ಹುಡುಕುವ ಪಾಡು ನಿಮಗೆ ಬಾರದಿರಲಿ ಎಂದೇ ಇಷ್ಟು ಬರೆದದ್ದು. ಹೊರಡುವ ಮೊದಲು ಬಸ್ಸಿನ ಹೊತ್ತು, ಗೇಟಿನ ಹೊತ್ತು ಎರಡನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ಪ್ರಯಾಣ ಸುಖಕರವಾಗಿರಲಿ.